ಬೇರಿನ ಕಡೆಗೆ ಮರಳಿದ ದನಿ: ಲಿಂಡಾ ರಾನ್‌ಸ್ಟಾಟ್ ಮತ್ತು 1995ರ ಒಂದು ಆಲ್ಬಮ್

ಇತಿಹಾಸವೆಂದರೆ ಅರಸರು, ಯುದ್ಧಗಳು ಮತ್ತು ಒಪ್ಪಂದಗಳು ಮಾತ್ರ ಎಂದು ಭಾವಿಸಿದವರಿಗೆ, ಹಾಡುಗಾರ್ತಿಯೊಬ್ಬರ ಧ್ವನಿಮುದ್ರಿಕೆ ಇತಿಹಾಸ ಪ್ರಬಂಧದ ವಸ್ತುವಾಗುವುದು ವಿಚಿತ್ರವೆನಿಸಬಹುದು. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಹಾಗೆನಿಸಲಾರದು. ಒಂದು ಕಾಲದ ಜನ ಏನನ್ನು ಹಾಡಿದರು, ಯಾರಿಂದ ಕಲಿತು ಹಾಡಿದರು ಎಂಬುದೂ ಶಾಸನದಷ್ಟೇ ಬೆಲೆಯುಳ್ಳ ಆಧಾರವೆಂದು ನಾನು ಆಗಾಗ ಹೇಳುತ್ತಿದ್ದುದುಂಟು. ಇಂದು ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ ಬಗ್ಗೆ, ಅದರಲ್ಲೂ 1995ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಅವರ ‘ಫೀಲ್ಸ್ ಲೈಕ್ ಹೋಮ್’ ಎಂಬ ಆಲ್ಬಮ್ಮಿನ ಬಗ್ಗೆ ಬರೆಯುತ್ತಿದ್ದೇನೆ. ‘ಮನೆಗೆ ಬಂದಂತಿದೆ’ ಎಂಬುದು ಆ ಹೆಸರಿನ ಅರ್ಥ. ಹಲವು ವರ್ಷ ಬೇರೆ ಬೇರೆ ಸಂಗೀತ ಪ್ರಕಾರಗಳಲ್ಲಿ ಸಂಚರಿಸಿದ ಅವರು ತಮ್ಮ ಹಳೆಯ ಕಂಟ್ರಿ ರಾಕ್ ಸಂಗೀತಕ್ಕೆ ಮರಳಿದ್ದು ಈ ಆಲ್ಬಮ್ಮಿನಲ್ಲಿ. ಹಾಗಾದರೆ ಅವರ ನಿಜವಾದ ಮನೆ ಯಾವುದು? ಇದು ಕೇಳಲು ಸುಲಭವಾದರೂ ಉತ್ತರಿಸಲು ಅಷ್ಟು ಸುಲಭವಲ್ಲದ ಪ್ರಶ್ನೆ.

ಈ ಸಂಗೀತದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕದ ದಕ್ಷಿಣ ಸೀಮೆಯ ಬೆಟ್ಟಗುಡ್ಡಗಳಲ್ಲಿ ನೆಲೆಸಿದ ಜನ ತಮ್ಮೊಂದಿಗೆ ತಂದ ಕಥನಗೀತೆಗಳು, ಚರ್ಚಿನ ಹಾಡುಗಳು ಮತ್ತು ಕರಿಯ ಜನರಿಂದ ಕಲಿತ ಬ್ಯಾಂಜೊ, ಬ್ಲೂಸ್‌ಗಳು ಬೆರೆತು ಹುಟ್ಟಿದ್ದು ಕಂಟ್ರಿ ಸಂಗೀತ. ನಾವು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡ ಪಿಟೀಲೇ ಅಲ್ಲಿ ‘ಫಿಡಲ್’ ಎಂಬ ಹೆಸರಿನಲ್ಲಿ ಕುಣಿತದ ಹಾಡುಗಳಿಗೆ ಜೊತೆಯಾಗುತ್ತದೆ. 1927ರಲ್ಲಿ ಕಾರ್ಟರ್ ಕುಟುಂಬದ ಮೂವರು ಬ್ರಿಸ್ಟಲ್ ಎಂಬ ಊರಿನಲ್ಲಿ ಹಾಡಿ ಮುದ್ರಿಸಿದ ಹಾಡುಗಳಿಂದ ಈ ಸಂಗೀತ ಮನೆಮನೆಗೆ ತಲುಪಿತು. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಯುವಕ ಯುವತಿಯರು ಈ ಹಳ್ಳಿಯ ಹಾಡಿಗೆ ರಾಕ್ ಸಂಗೀತದ ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಮುಗಳನ್ನು ಸೇರಿಸಿದರು. ಅದೇ ಕಂಟ್ರಿ ರಾಕ್. ‘ಬರ್ಡ್ಸ್’ ತಂಡದ 1968ರ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಇದರ ಮೊದಮೊದಲ ಹೆಗ್ಗುರುತುಗಳಲ್ಲಿ ಒಂದು.

ಲಿಂಡಾ ಹುಟ್ಟಿದ್ದು 1946ರ ಜುಲೈ 15ರಂದು, ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ. ಈ ಊರಿನ ಚರಿತ್ರೆಯನ್ನು ತಿಳಿಯದೆ ಅವರ ಸಂಗೀತ ಅರ್ಥವಾಗದು. 1850ರ ದಶಕದ ಆರಂಭದವರೆಗೂ ಟೂಸಾನ್ ಮೆಕ್ಸಿಕೊ ದೇಶಕ್ಕೆ ಸೇರಿತ್ತು. 1854ರಲ್ಲಿ ಊರ್ಜಿತವಾದ ಗ್ಯಾಡ್ಸ್‌ಡನ್ ಖರೀದಿ ಒಪ್ಪಂದದಿಂದ ಅಮೆರಿಕ ಆ ಭೂಭಾಗವನ್ನು ಕೊಂಡುಕೊಂಡಿತು. ಜನ ಇದ್ದಲ್ಲಿಯೇ ಇದ್ದರು, ಗಡಿ ಅವರನ್ನು ದಾಟಿ ಹೋಯಿತು. ಲಿಂಡಾ ಅವರ ಮುತ್ತಜ್ಜ ಜರ್ಮನಿಯಿಂದ ಮೆಕ್ಸಿಕೊಗೆ ಬಂದವರು. ಅಜ್ಜ ಫೆಡರಿಕೊ ಮೆಕ್ಸಿಕೊದ ಸೊನೋರಾ ಪ್ರಾಂತದಲ್ಲಿ ಹುಟ್ಟಿ, 1882ರಲ್ಲಿ ಹುಡುಗನಾಗಿದ್ದಾಗ ಗಾಡಿ ಮಾಡುವ ಕಸುಬು ಕಲಿಯಲು ಟೂಸಾನ್‌ಗೆ ಬಂದರು. ಹಗಲು ಗಾಡಿ ಕಟ್ಟುತ್ತಿದ್ದ ಆ ಮನುಷ್ಯನೇ ಊರಿನಲ್ಲೊಂದು ವಾದ್ಯವೃಂದವನ್ನೂ ಕಟ್ಟಿದರು. ಅವರ ಮಗಳು, ಅಂದರೆ ಲಿಂಡಾ ಅವರ ಸೋದರತ್ತೆ ಲೂಯಿಸಾ ಎಸ್ಪಿನೆಲ್, ಸ್ಪ್ಯಾನಿಷ್ ಹಾಡುಗಳನ್ನು ವೇದಿಕೆಯಲ್ಲಿ ಹಾಡಿ ಹೆಸರಾದವರು. ತಂದೆಯಿಂದ ಕೇಳಿ ಕಲಿತ ಹಾಡುಗಳನ್ನು ಅವರು 1946ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮನೆಯಲ್ಲಿ ಅಪ್ಪನ ಮೆಕ್ಸಿಕನ್ ಹಾಡು, ರೇಡಿಯೋದಲ್ಲಿ ಕಂಟ್ರಿ ಹಾಡು, ಗ್ರಾಮೊಫೋನಿನಲ್ಲಿ ಒಪೆರಾ: ಇವೆಲ್ಲವೂ ಲಿಂಡಾ ಅವರ ಕಿವಿಗೆ ಒಟ್ಟಿಗೆ ಬಿದ್ದವು. ಅಣ್ಣ, ಅಕ್ಕ, ಅಪ್ಪನ ಜೊತೆ ಕೂಡಿ ಹಾಡುವುದು ಅವರ ಮನೆಯಲ್ಲಿ ಊಟದಷ್ಟೇ ಸಹಜವಾಗಿತ್ತು.

ಹದಿನೆಂಟರ ಹರೆಯದಲ್ಲಿ ಲಿಂಡಾ ಲಾಸ್ ಏಂಜಲಿಸ್ ಸೇರಿದರು. ಇಬ್ಬರು ಗೆಳೆಯರೊಡನೆ ಕಟ್ಟಿದ ‘ಸ್ಟೋನ್ ಪೋನೀಸ್’ ತಂಡದ ‘ಡಿಫರೆಂಟ್ ಡ್ರಮ್’ ಹಾಡು 1967ರಲ್ಲಿ ಹೊರಬಂದು ಜನಪ್ರಿಯವಾಯಿತು. ತಂಡ ಒಡೆದ ಮೇಲೆ ಒಬ್ಬರೇ ಹಾಡತೊಡಗಿದರು. 1970ರ ‘ಸಿಲ್ಕ್ ಪರ್ಸ್’ ಆಲ್ಬಮ್ಮನ್ನು ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್‌ನಲ್ಲಿಯೇ ಮುದ್ರಿಸಿದರು. 1971ರಲ್ಲಿ ಅವರ ಹಿಂದೆ ನಿಂತು ನುಡಿಸುತ್ತಿದ್ದ ಗ್ಲೆನ್ ಫ್ರೈ ಮತ್ತು ಡಾನ್ ಹೆನ್ಲಿ ತಮ್ಮದೇ ತಂಡ ಕಟ್ಟಲು ಬಯಸಿದಾಗ ಲಿಂಡಾ ಸಂತೋಷದಿಂದ ಒಪ್ಪಿ ಕಳುಹಿಸಿಕೊಟ್ಟರು. ಹಾಗೆ ಹುಟ್ಟಿದ್ದೇ ಮುಂದೆ ಜಗತ್ಪ್ರಸಿದ್ಧವಾದ ‘ಈಗಲ್ಸ್’ ತಂಡ.

1974ರ ಕೊನೆಯಲ್ಲಿ ಬಂದ ‘ಹಾರ್ಟ್ ಲೈಕ್ ಎ ವ್ಹೀಲ್’ ಅವರ ಬದುಕನ್ನು ಬದಲಿಸಿತು. ಪೀಟರ್ ಆಶರ್ ನಿರ್ಮಾಣದ ಆ ಆಲ್ಬಮ್ 1975ರ ಆರಂಭದಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಮುಖ್ಯ ಪಟ್ಟಿಯಲ್ಲಿಯೂ ಕಂಟ್ರಿ ಪಟ್ಟಿಯಲ್ಲಿಯೂ ಮೊದಲ ಸ್ಥಾನಕ್ಕೇರಿತು. ಅದರಲ್ಲಿದ್ದ ಹ್ಯಾಂಕ್ ವಿಲಿಯಮ್ಸ್ ಅವರ ಹಳೆಯ ಹಾಡೊಂದಕ್ಕೆ ಲಿಂಡಾ ಕಂಟ್ರಿ ಗಾಯಕಿಯಾಗಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ದೊಡ್ಡ ದೊಡ್ಡ ಕ್ರೀಡಾಂಗಣಗಳು ತುಂಬಿದವು. ಕಂಟ್ರಿ ರಾಕ್‌ನ ರಾಣಿ ಎಂಬ ಪಟ್ಟಿಯೂ ಹಣೆಗೆ ಅಂಟಿತು.

ಯಶಸ್ಸು ಒಂದು ಬಗೆಯ ಬಂದೀಖಾನೆಯೂ ಹೌದು. ಜನ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಮಾರುವವರೂ ಅದನ್ನೇ ಬೇಡುತ್ತಾರೆ. ಲಿಂಡಾ ಆ ಬಾಗಿಲನ್ನು ತಾವೇ ತೆರೆದುಕೊಂಡು ಹೊರಬಂದರು. 1980ರಲ್ಲಿ ನ್ಯೂಯಾರ್ಕಿನಲ್ಲಿ ‘ಪೈರೇಟ್ಸ್ ಆಫ್ ಪೆನ್ಜಾನ್ಸ್’ ಎಂಬ ಗೀತನಾಟಕದಲ್ಲಿ ಅಭಿನಯಿಸಿದರು. 1983ರಲ್ಲಿ ವೃದ್ಧ ಸಂಗೀತ ಸಂಯೋಜಕ ನೆಲ್ಸನ್ ರಿಡಲ್ ಅವರ ವಾದ್ಯವೃಂದದೊಡನೆ, ತಮ್ಮ ತಂದೆತಾಯಿಯರ ಕಾಲದ ಹಾಡುಗಳನ್ನು ‘ವಾಟ್ಸ್ ನ್ಯೂ’ ಆಲ್ಬಮ್ಮಿನಲ್ಲಿ ಹಾಡಿದರು. ರಾಕ್ ಗಾಯಕಿಗೆ ಇದೇಕೆ ಎಂದು ಹಿಂಜರಿದಿದ್ದ ಕಂಪನಿಯವರಿಗೆ ಅದರ ಮಾರಾಟವೇ ಉತ್ತರ ನೀಡಿತು. 1987ರಲ್ಲಿ ಸೋದರತ್ತೆಯ ಪುಸ್ತಕದ ಹೆಸರನ್ನೇ ಇಟ್ಟು ‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’, ಎಂದರೆ ‘ನನ್ನ ತಂದೆಯ ಹಾಡುಗಳು’, ಎಂಬ ಸ್ಪ್ಯಾನಿಷ್ ಆಲ್ಬಮ್ ತಂದರು. ಇಂಗ್ಲಿಷಿನ ಒಂದು ಪದವೂ ಇಲ್ಲದ ಆ ಹಾಡುಗಳ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಮೆರಿಕದಲ್ಲಿಯೇ ಮಾರಾಟವಾದವು. ಅಮೆರಿಕದ ಸಂಸತ್ತಿನ ಗ್ರಂಥಾಲಯವು ಸಂರಕ್ಷಣೆಗಾಗಿ ಆರಿಸುವ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಇಂದು ‘ಹಾರ್ಟ್ ಲೈಕ್ ಎ ವ್ಹೀಲ್’ ಮತ್ತು ಈ ಆಲ್ಬಮ್ ಎರಡೂ ಸೇರಿವೆ.

ಅದೇ 1987ರಲ್ಲಿ ಇನ್ನೊಂದು ಕನಸೂ ಕೈಗೂಡಿತು. ಡಾಲಿ ಪಾರ್ಟನ್, ಎಮಿಲೂ ಹ್ಯಾರಿಸ್ ಮತ್ತು ಲಿಂಡಾ ಮೂವರೂ ಸೇರಿ ಹಾಡಲು 1970ರ ದಶಕದಲ್ಲಿಯೇ ಯತ್ನಿಸಿ, ಮುಗಿಸಲಾಗದೆ ಕೈಬಿಟ್ಟಿದ್ದರು. ಈಗ ‘ಟ್ರಿಯೋ’ ಎಂಬ ಹೆಸರಿನಲ್ಲಿ ಅದು ಹೊರಬಂತು. ಇಲ್ಲಿ ನಮ್ಮ ಕಿವಿಗೆ ಹೊಸದಾದ ಒಂದು ಅಂಶವನ್ನು ವಿವರಿಸಬೇಕು. ನಮ್ಮ ಭಜನೆಯಲ್ಲಿ ಐವತ್ತು ಮಂದಿ ಕುಳಿತು ಹಾಡಿದರೂ ಎಲ್ಲರೂ ಹಾಡುವುದು ಅದೇ ಸ್ವರವನ್ನು. ಅವರಲ್ಲಿ ಹಾಗಲ್ಲ. ಒಬ್ಬರು ಷಡ್ಜದಲ್ಲಿರುವಾಗಲೇ ಮತ್ತೊಬ್ಬರು ಗಾಂಧಾರದಲ್ಲಿ, ಇನ್ನೊಬ್ಬರು ಪಂಚಮದಲ್ಲಿ ಅದೇ ಪದವನ್ನು ಹಾಡುತ್ತಾರೆ. ಇದಕ್ಕೆ ಹಾರ್ಮನಿ ಎನ್ನುತ್ತಾರೆ. ಇದರಲ್ಲಿ ಯಾರ ದನಿಯೂ ಮಿಕ್ಕವರನ್ನು ಮುಚ್ಚಬಾರದು. ತಮ್ಮ ದನಿಯನ್ನು ಎಷ್ಟು ತಗ್ಗಿಸಬೇಕು ಎಂದು ಅರಿಯುವುದೇ ಇಲ್ಲಿನ ವಿದ್ಯೆ. ಕ್ರೀಡಾಂಗಣವನ್ನು ತುಂಬಬಲ್ಲ ಕಂಠವುಳ್ಳ ಲಿಂಡಾ ಅವರಿಗೆ ಬಹಳ ಪ್ರಿಯವಾದದ್ದು ಈ ವಿದ್ಯೆಯೇ. ಅದನ್ನು ಅವರು ಕಲಿತದ್ದು ಟೂಸಾನ್‌ನ ಮನೆಯಲ್ಲಿ.

1994ರಲ್ಲಿ ಮೂವರೂ ಎರಡನೆಯ ‘ಟ್ರಿಯೋ’ಗಾಗಿ ಮತ್ತೆ ಕೂಡಿ ಹಾಡುಗಳನ್ನು ಮುದ್ರಿಸಿದರು. ಆದರೆ ಮೂವರ ಬೇರೆ ಬೇರೆ ಕಾರ್ಯಕ್ರಮಗಳನ್ನು ಹೊಂದಿಸಲಾಗದೆ, ಬಿಡುಗಡೆಯ ಬಗ್ಗೆ ಭಿನ್ನಾಭಿಪ್ರಾಯ ಬೆಳೆದು, ಮುದ್ರಿಸಿದ್ದು ಪೆಟ್ಟಿಗೆಯಲ್ಲಿಯೇ ಉಳಿಯಿತು. ಆ ಶ್ರಮ ವ್ಯರ್ಥವಾಗುವುದನ್ನು ಸಹಿಸದ ಲಿಂಡಾ ಅದರಿಂದ ಐದು ಹಾಡುಗಳನ್ನು ಆರಿಸಿಕೊಂಡು, ಡಾಲಿ ಪಾರ್ಟನ್ ಅವರ ದನಿಯನ್ನು ತೆಗೆದು, ಬೇರೆ ಗಾಯಕಿಯರ ದನಿ ಸೇರಿಸಿ, ತಮ್ಮ ಹೊಸ ಆಲ್ಬಮ್ಮಿಗೆ ಅಳವಡಿಸಿದರು. ಎಮಿಲೂ ಅವರ ದನಿ ಉಳಿಯಿತು. ಗೆಳತಿಯ ದನಿಯನ್ನು ಅಳಿಸುವ ನಿರ್ಧಾರ ಸುಲಭದ್ದಾಗಿರಲಾರದು. ಮನೆಗೆ ಮರಳಿದ ಸಂಭ್ರಮವನ್ನು ಸಾರುವ ಈ ಆಲ್ಬಮ್ಮಿನೊಳಗೆ ಒಬ್ಬ ಗೆಳತಿಯ ಗೈರುಹಾಜರಿಯೂ ಅಡಗಿದೆ ಎಂಬುದನ್ನು ಕೇಳುಗರು ಮರೆಯಬಾರದು.

ಇನ್ನು ಹಾಡುಗಳ ವಿಷಯ. ಟಾಮ್ ಪೆಟ್ಟಿ ಅವರ ‘ದ ವೇಟಿಂಗ್’ ಲವಲವಿಕೆಯ ರಾಕ್ ಹಾಡು. ‘ಲವರ್ಸ್ ರಿಟರ್ನ್’ ಮೇಲೆ ಹೇಳಿದ ಕಾರ್ಟರ್ ಕುಟುಂಬದ ಪರಂಪರೆಯದು. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡನ್ನು ರ‍್ಯಾಂಡಿ ನ್ಯೂಮನ್ ‘ಫೌಸ್ಟ್’ ಎಂಬ ಸಂಗೀತ ನಾಟಕಕ್ಕೆಂದು ಬರೆದಿದ್ದರು. ನೀಲ್ ಯಂಗ್ ಅವರ 1970ರ ‘ಆಫ್ಟರ್ ದ ಗೋಲ್ಡ್ ರಶ್’ ಹಾಡಿಗೆ ಗಾಜಿನ ಬಟ್ಟಲುಗಳ ಅಂಚನ್ನು ಒದ್ದೆ ಬೆರಳಿನಿಂದ ಉಜ್ಜಿ ನಾದ ಹೊರಡಿಸುವ ಗ್ಲಾಸ್ ಆರ್ಮೋನಿಕಾ ಎಂಬ ವಾದ್ಯವನ್ನು ಬಳಸಿದ್ದಾರೆ. ಇದು ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ರೂಪಿಸಿದ ವಾದ್ಯ. ನಮ್ಮ ಜಲತರಂಗ ಕೇಳಿದವರಿಗೆ ಅದರ ನಾದದ ತಂಪು ಸ್ವಲ್ಪ ಊಹೆಗೆ ಬಂದೀತು. ಆದರೆ ಇಲ್ಲಿ ಪೆಟ್ಟಿಲ್ಲ, ನಾದ ಎಳೆಯಾಗಿ ಹರಿಯುತ್ತದೆ. ಇಪ್ಪತ್ತೆಂಟರ ಲಿಂಡಾ ಈ ಹಾಡುಗಳನ್ನು ಎದೆತುಂಬಿ ಕೂಗಿ ಹಾಡುತ್ತಿದ್ದರೇನೋ. ನಲವತ್ತೆಂಟರ ಲಿಂಡಾ ಎಲ್ಲಿ ಪಿಸುಗುಟ್ಟಬೇಕು, ಎಲ್ಲಿ ತಡೆಹಿಡಿಯಬೇಕು ಎಂಬುದನ್ನು ಬಲ್ಲರು. ರಿಡಲ್ ಅವರ ವಾದ್ಯವೃಂದದ ಎದುರು ನಿಂತು ಕಲಿತ ಉಸಿರಿನ ಹಿಡಿತವೂ, ತಂದೆಯ ಸ್ಪ್ಯಾನಿಷ್ ಹಾಡುಗಳ ದೀರ್ಘ ಆಲಾಪವೂ ಇಲ್ಲಿ ಹಳ್ಳಿಯ ಹಾಡಿನೊಳಗೆ ಇಳಿದಿವೆ.

ಈ ಆಲ್ಬಮ್ 1970ರ ದಶಕದ ಆಲ್ಬಮ್ಮುಗಳಂತೆ ಮಾರಾಟವಾಗಲಿಲ್ಲ. ರೇಡಿಯೋ ಕೇಂದ್ರಗಳಿಗೆ ಆ ವೇಳೆಗೆ ಹೊಸ ತಲೆಮಾರಿನ ಗಾಯಕರು ಬೇಕಾಗಿದ್ದರು. ವಿಮರ್ಶಕರು ಇದನ್ನು ‘ಬೇರಿಗೆ ಮರಳಿದ ಗಾಯಕಿ’ ಎಂದು ಸ್ವಾಗತಿಸಿದರು. ಆ ಮಾತು ಅರ್ಧ ಸತ್ಯ ಎಂಬುದು ನನ್ನ ಅಭಿಪ್ರಾಯ. ಮಾರುಕಟ್ಟೆಯ ಲೆಕ್ಕದಲ್ಲಿ ಅವರ ಬೇರು 1974ರಲ್ಲಿದೆ. ಅವರ ಸ್ವಂತ ಲೆಕ್ಕದಲ್ಲಿ ಅದು ಗಾಡಿ ಕಟ್ಟುವ ಅಜ್ಜನ ವಾದ್ಯವೃಂದದಲ್ಲಿದೆ, ಅಪ್ಪನ ಕಂಠದಲ್ಲಿದೆ, ಒಡಹುಟ್ಟಿದವರ ಜೊತೆ ಸೇರಿಸಿದ ದನಿಯಲ್ಲಿದೆ. ಕಂಟ್ರಿ ಹಾಡು ಆ ಬೇರಿನ ಒಂದು ಕವಲು, ಸ್ಪ್ಯಾನಿಷ್ ಹಾಡು ಇನ್ನೊಂದು ಕವಲು. ಹಾಗಾಗಿ ನಡುವಿನ ವರ್ಷಗಳಲ್ಲಿ ಅವರು ದಾರಿ ತಪ್ಪಿದವರೂ ಅಲ್ಲ, 1995ರಲ್ಲಿ ಸೋತು ಹಿಂದಿರುಗಿದವರೂ ಅಲ್ಲ.

ಕಥೆಗೆ ಇನ್ನೊಂದು ಅಧ್ಯಾಯವಿದೆ. ಪೆಟ್ಟಿಗೆಯಲ್ಲಿದ್ದ ಮೂಲ ಮುದ್ರಣ 1999ರಲ್ಲಿ ‘ಟ್ರಿಯೋ 2’ ಎಂಬ ಹೆಸರಿನಲ್ಲಿ ಡಾಲಿ ಅವರ ದನಿಯ ಸಮೇತ ಬೆಳಕು ಕಂಡಿತು. ಅದರ ‘ಆಫ್ಟರ್ ದ ಗೋಲ್ಡ್ ರಶ್’ ಮೂವರಿಗೂ ಗ್ರ್ಯಾಮಿ ತಂದಿತು. ಹೀಗಾಗಿ ಐದು ಹಾಡುಗಳಿಗೆ ಈಗ ಎರಡೆರಡು ಪಾಠಗಳಿವೆ. ಹಳೆಯ ಕಾವ್ಯಗಳ ಓಲೆಪ್ರತಿಗಳಲ್ಲಿ ಪಾಠಾಂತರ ನೋಡುವಂತೆ, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಬೇಕು. ಒಂದರಲ್ಲಿ ಒಬ್ಬ ಗಾಯಕಿ ಮನೆಗೆ ಬಂದದ್ದು ಕೇಳಿಸುತ್ತದೆ, ಇನ್ನೊಂದರಲ್ಲಿ ಮನೆಯಲ್ಲಿ ಮೂವರಿರುವುದು ಕೇಳಿಸುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಆದರೆ ಮೊದಲನೆಯದಿಲ್ಲದೆ ಎರಡನೆಯದರ ಬೆಲೆ ತಿಳಿಯುತ್ತಿರಲಿಲ್ಲ.

1999ರಲ್ಲಿಯೇ ಲಿಂಡಾ ಮತ್ತು ಎಮಿಲೂ ಟೂಸಾನ್‌ನ ಹಳೆಯ ಹೋಟೆಲೊಂದರಲ್ಲಿ ಮುದ್ರಣ ಸಲಕರಣೆಗಳನ್ನು ಹೂಡಿ ‘ವೆಸ್ಟರ್ನ್ ವಾಲ್’ ಎಂಬ ಆಲ್ಬಮ್ ಮಾಡಿದರು. ಇದು ಅಕ್ಷರಶಃ ಹುಟ್ಟೂರಿಗೆ ಮರಳಿದ ಹಾಡು. ಆದರೆ ಅಷ್ಟರಲ್ಲಿ ಸಮಯ ಮೀರುತ್ತಿತ್ತು. ಸುಮಾರು 2000ದ ವೇಳೆಗೆ ತಮ್ಮ ಕಂಠ ಹೇಳಿದಂತೆ ಕೇಳುತ್ತಿಲ್ಲವೆಂದು ಅವರಿಗೆ ಅನಿಸತೊಡಗಿತು. ಕೊನೆಯ ಆಲ್ಬಮ್ 2006ರಲ್ಲಿ ಬಂತು, ಕೊನೆಯ ಕಛೇರಿ 2009ರಲ್ಲಿ ನಡೆಯಿತು. ಪಾರ್ಕಿನ್ಸನ್ ಕಾಯಿಲೆಯಿಂದಾಗಿ ಇನ್ನು ಹಾಡಲಾರೆನೆಂದು 2013ರಲ್ಲಿ ಅವರು ಪ್ರಕಟಿಸಿದರು. ಅದು ಪಾರ್ಕಿನ್ಸನ್ ಅಲ್ಲ, ಅದನ್ನು ಹೋಲುವ ಮಿದುಳಿನ ಮತ್ತೊಂದು ಕಾಯಿಲೆ ಎಂದು ಅನಂತರ ತಿಳಿದುಬಂತು. 2019ರಲ್ಲಿ ಅವರನ್ನು ಕುರಿತು ಬಂದ ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ಮನೆಯ ಕೋಣೆಯಲ್ಲಿ ಬಂಧುಗಳಿಬ್ಬರ ನಡುವೆ ಕುಳಿತು, ಕ್ಷೀಣವಾದ ದನಿಯಲ್ಲಿ ಅವರು ಮೆಕ್ಸಿಕನ್ ಹಾಡೊಂದಕ್ಕೆ ದನಿಗೂಡಿಸುತ್ತಾರೆ. 2022ರಲ್ಲಿ ಪತ್ರಕರ್ತರೊಬ್ಬರ ಜೊತೆಗೂಡಿ ಸೊನೋರಾ ಸೀಮೆಯ ಜನ, ಅಡುಗೆ, ಹಾಡು ಮತ್ತು ತಮ್ಮ ಕುಟುಂಬದ ಬಗ್ಗೆ ಪುಸ್ತಕ ಬರೆದಾಗ ಅದಕ್ಕೆ ಇಟ್ಟ ಹೆಸರೂ ‘ಫೀಲ್ಸ್ ಲೈಕ್ ಹೋಮ್’ ಎಂದೇ.

ವಯಸ್ಸಾದ ಮೇಲೆ ಮಾಡಿದರಾಯಿತು ಎಂದು ನಾವೆಲ್ಲ ಎಷ್ಟೋ ಕೆಲಸಗಳನ್ನು ಮುಂದೂಡುತ್ತೇವೆ. ಅಜ್ಜಿ ಹಾಡುತ್ತಿದ್ದ ಹಾಡುಗಳನ್ನು ಬರೆದಿಡುವುದೂ ಅವುಗಳಲ್ಲಿ ಒಂದು. ಲಿಂಡಾ ತಂದೆಯ ಹಾಡುಗಳನ್ನು ಮತ್ತು ತಾರುಣ್ಯದ ಹಾಡುಗಳನ್ನು ದನಿ ಇರುವಾಗಲೇ ಹಾಡಿ ಮುಗಿಸಿದರು. ಒಂದು ಹತ್ತು ವರ್ಷ ತಡಮಾಡಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ. ನನ್ನ ಬರಹ ಓದುವ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಸೂಚನೆ: ಬಿಡುವಾದಾಗ 1995ರ ಆಲ್ಬಮ್ಮಿನ ‘ಹೈ ಸಿಯೆರ‍್ರಾ’ ಹಾಡನ್ನು ಮೊದಲು ಕೇಳಿ, ಅನಂತರ ಅದೇ ಹಾಡನ್ನು ‘ಟ್ರಿಯೋ 2’ರಲ್ಲಿ ಕೇಳಿ. ಅವೆರಡರಲ್ಲಿ ನಿಮಗೆ ಯಾವುದು ಮೆಚ್ಚುಗೆಯಾಯಿತು, ಏಕೆ ಎಂಬುದನ್ನು ನನಗೆ ಬರೆದು ತಿಳಿಸಿ. ಅಂಕ ಕೊಡುವುದಿಲ್ಲ, ಆದರೆ ಕಾರಣ ಕೊಡದ ಉತ್ತರವನ್ನು ಒಪ್ಪುವುದೂ ಇಲ್ಲ.