ಪಟ್ಟಣದ ಕೆರೆಗಳೂ ಜಲಪರೀಕ್ಷೆಯೂ

ಕೆರೆಯ ನೀರು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯು ಕೆರೆಯಷ್ಟೇ ಪುರಾತನವಾದುದು. ಆದರೆ ಆ ಪ್ರಶ್ನೆಯನ್ನು ಕೇಳತಕ್ಕವರು ಯಾರು, ಯಾವ ಸಾಧನದಿಂದ ಉತ್ತರವನ್ನು ಕಂಡುಕೊಳ್ಳತಕ್ಕವರು ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿರುವುದು. ಈ ಬದಲಾವಣೆಯ ಚರಿತ್ರೆಯನ್ನು, ಮುಖ್ಯವಾಗಿ ಬೆಂಗಳೂರಿನ ಕೆರೆಗಳನ್ನು ಮುಂದಿಟ್ಟುಕೊಂಡು, ವಾಚಕರಿಗೆ ನಿವೇದಿಸಲು ಯತ್ನಿಸುವೆನು.

ನಮ್ಮ ಪೂರ್ವಿಕರು ಜಲಪರೀಕ್ಷೆಯನ್ನರಿಯದವರಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಕೆಟ್ಟ ನೀರಿನ ದೋಷಗಳನ್ನು ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕಗಳೆಂದು ಆರಾಗಿ ವಿಭಾಗಿಸಿದೆ. ಮುಟ್ಟಿದರೆ ಲೋಳೆಯಾಗಿರುವುದು ಸ್ಪರ್ಶದೋಷವು; ಕೆಸರು, ಪಾಚಿ, ಬಣ್ಣಗಳು ರೂಪದೋಷವು; ಒಂದು ರುಚಿಯು ಸ್ಪಷ್ಟವಾಗಿ ತೋರಿದರೆ ಅದೇ ರಸದೋಷವು. ಕುಡಿದ ಮೇಲೆ ಬಾಯಾರಿಕೆ, ಭಾರ, ಶೂಲೆಗಳನ್ನುಂಟುಮಾಡಿದರೆ ವೀರ್ಯದೋಷವು. ಕಲಕಿದ ನೀರನ್ನು ತಿಳಿಗೊಳಿಸಲು ಏಳು ಸಾಧನಗಳನ್ನು ಅಲ್ಲಿಯೇ ಹೇಳಿರುವುದು; ಅವುಗಳಲ್ಲಿ ಮೊದಲನೆಯದು ಕತಕಬೀಜ, ಎಂದರೆ ನಮ್ಮ ಚಿಲ್ಲದ ಬೀಜ. ವರಾಹಮಿಹಿರನೂ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಬಾವಿಯ ನೀರಿಗೆ ಹಾಕತಕ್ಕ ಚೂರ್ಣದಲ್ಲಿ ಇದನ್ನು ಸೇರಿಸಿರುವನು. ಇದು ಬರಿಯ ನಂಬಿಕೆಯಲ್ಲ. ಈ ಬೀಜವನ್ನು ಗಡಿಗೆಯ ಒಳಮೈಗೆ ತೇಯ್ದು ನೀರು ತುಂಬಿದರೆ ಕೆಸರಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುವುವು. ಪಟಿಕವು ಮಾಡುವ ಕೆಲಸವೂ ಇದೇ.

ಆದರೆ ಈ ಪರೀಕ್ಷೆಗೆ ಒಂದು ಮೇರೆಯುಂಟು. ವೀರ್ಯವಿಪಾಕಗಳ ದೋಷವು ಕುಡಿದ ಮೇಲೆ ಮಾತ್ರ ತಿಳಿಯತಕ್ಕದ್ದು. ತಿಳಿಯುವ ಹೊತ್ತಿಗೆ ಕಾಲವು ಮಿಂಚಿರುವುದು. 1884ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಖನು ಕಲ್ಕತ್ತೆಯಲ್ಲಿ ವಾಂತಿಭೇದಿಯ ಮೂಲವನ್ನು ಹುಡುಕುತ್ತಿದ್ದಾಗ ಒಂದು ಕೊಳದ ನೀರಿನಲ್ಲಿ ಆ ರೋಗದ ಜಂತುವನ್ನು ಕಂಡನು. ಸುತ್ತಲಿನ ಗುಡಿಸಿಲುಗಳವರು ಅದರಲ್ಲಿಯೇ ಸ್ನಾನಮಾಡಿ, ಬಟ್ಟೆಯೊಗೆದು, ಅದನ್ನೇ ಕುಡಿಯುತ್ತಿದ್ದರು. ಪಟ್ಟಣದ ಕೊಳದ ದೋಷವು ಕಣ್ಣಿಗೂ ಮೂಗಿಗೂ ಸಿಕ್ಕದೆ ಸೂಕ್ಷ್ಮದರ್ಶಕಕ್ಕೆ ಸಿಕ್ಕಿದುದು ಜಲಪರೀಕ್ಷೆಯ ಚರಿತ್ರೆಯಲ್ಲಿ ದೊಡ್ಡ ತಿರುವು. ನಾಲ್ಕು ವರ್ಷಗಳ ತರುವಾಯ, 1888ರಲ್ಲಿ, ಹಂಗೇರಿಯ ವಿಂಕ್ಲರನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಚರಂಡಿಯ ನೀರಿನ ವಿಷಯವಾಗಿ 1898ರಲ್ಲಿ ನೇಮಕವಾದ ಆಯೋಗವು 1912ರ ವರದಿಯಲ್ಲಿ, ನೀರಿನೊಳಗಿನ ಕೊಳೆಯು ಐದು ದಿನಗಳಲ್ಲಿ ಎಷ್ಟು ಆಮ್ಲಜನಕವನ್ನು ತಿನ್ನುವುದೆಂಬುದನ್ನೇ ಅಶುದ್ಧಿಯ ಅಳತೆಯಾಗಿ ನಿಯಮಿಸಿತು. ಇಂದಿಗೂ ಈ ಎರಡು ಅಳತೆಗಳೇ ಕೆರೆಗಳ ಪರೀಕ್ಷೆಗೆ ಬೆನ್ನೆಲುಬು.

ಇನ್ನು ಬೆಂಗಳೂರಿಗೆ ಬರೋಣ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳಿಂದಲೂ ಬಾವಿ ಕಲ್ಯಾಣಿಗಳಿಂದಲೂ ಪೇಟೆ ದಂಡುಗಳೆರಡೂ ಬದುಕಿದುವು. ದಂಡಿನ ನೀರಿನ ಕೊರತೆಯನ್ನು ನೀಗಲು 1882ರಲ್ಲಿ ಸ್ಯಾಂಕಿ ಕೆರೆಯಾಯಿತು. 1894ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರನ್ನು ತರುವ ಕೆಲಸವನ್ನು ಕೈಗೊಂಡರು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕೊಳಾಯಿಯ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. ಕಾಲರೆಯು ಹಳ್ಳಿಗಳನ್ನು ಬರಿದುಮಾಡಿದ ಕಥೆಯನ್ನು ಹಿರಿಯರ ಬಾಯಿಂದ ಕೇಳಿದವನಿಗೆ ಆ ಧೈರ್ಯವು ಬಾರದು. ಆದರೆ ಇದರ ಜೊತೆಯಲ್ಲಿ ಯಾರೂ ಲಕ್ಷಿಸದ ಇನ್ನೊಂದು ಸಂಗತಿಯು ನಡೆಯಿತು. ಕೆರೆಯ ನೀರನ್ನು ಕುಡಿಯುವವರು ಇಲ್ಲವಾದೊಡನೆ ಅದನ್ನು ಪರೀಕ್ಷಿಸುವವರೂ ಇಲ್ಲವಾದರು. ದಿನವೂ ಕೊಡವನ್ನು ಮುಳುಗಿಸುತ್ತಿದ್ದ ಗೃಹಿಣಿಗಿಂತ ನಿಷ್ಠುರಳಾದ ಪರೀಕ್ಷಕಳು ಯಾರು? ಅವಳು ಕೊಳಾಯಿಯ ಕಡೆಗೆ ತಿರುಗಿದ ಮೇಲೆ, ಕೆರೆಯಿಂದ ಕೆರೆಗೆ ಮಳೆನೀರನ್ನೊಯ್ಯುತ್ತಿದ್ದ ರಾಜಕಾಲುವೆಗಳಲ್ಲಿ ಊರ ಕೊಚ್ಚೆಯು ಹರಿದರೂ ಕೇಳುವವರಿಲ್ಲವಾಯಿತು. ಧರ್ಮಾಂಬುಧಿಯ ಅಂಗಳವು ಈಗ ಬಸ್ಸಿನ ನಿಲ್ದಾಣವಾಗಿರುವುದು. ಸಂಪಂಗಿಯದು ಆಟದ ಬಯಲಾಗಿರುವುದು.

ಕಡೆಗೆ 2015ರಲ್ಲಿ ಬೆಳ್ಳಂದೂರು ಕೆರೆಯು ತಾನಾಗಿಯೇ ಪರೀಕ್ಷೆಯನ್ನು ಬೇಡಿತು. ಕೋಡಿಯಲ್ಲಿ ಬಿಳಿಯ ನೊರೆಯು ಆಳೆತ್ತರವಾಗಿ ಉಕ್ಕಿ ರಸ್ತೆಗೆ ಹಾರಿತು. ಅದೇ ವರ್ಷದಲ್ಲಿಯೂ, ಮತ್ತೆ 2017 ಮತ್ತು 2018ರಲ್ಲಿಯೂ, ಕೆರೆಯಲ್ಲಿ ಬೆಂಕಿಯು ಕಾಣಿಸಿಕೊಂಡಿತು. ನೊರೆಗೆ ಕಾರಣವು ಬಹುಪಾಲು ನಮ್ಮ ಮನೆಗಳ ಸಾಬೂನಿನ ಪುಡಿಯೇ. ಅದು ಶುದ್ಧಿಯಾಗದ ಕೊಚ್ಚೆಯೊಡನೆ ಕೆರೆಯನ್ನು ಸೇರಿ, ಕೋಡಿಯಲ್ಲಿ ಧುಮುಕುವಾಗ ಮಜ್ಜಿಗೆಯಂತೆ ಕಡೆಯಲ್ಪಡುವುದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಸುಶ್ರುತನು ಹೇಳಿದ ರೂಪಗಂಧದೋಷಗಳನ್ನು ಈ ಸಲ ಕಂಡವರು ನೀರು ಸೇದಲು ಬಂದವರಲ್ಲ, ದಾರಿಹೋಕರು.

ಈಗ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೆರೆಗಳ ಮಾದರಿಗಳನ್ನು ಪರೀಕ್ಷಿಸಿ ಎ ಯಿಂದ ಇ ವರೆಗೆ ದರ್ಜೆಗಳನ್ನು ಕೊಡುತ್ತಿರುವರು. ಎ ದರ್ಜೆಗೆ ಲೀಟರಿಗೆ 6 ಮಿಲಿಗ್ರಾಂ ಆಮ್ಲಜನಕವಿರಬೇಕು. ಸ್ನಾನಕ್ಕೆ ತಕ್ಕುದಾದ ಬಿ ದರ್ಜೆಗೆ 5. ಮೀನುಗಳು ಬದುಕತಕ್ಕ ಡಿ ದರ್ಜೆಗೆ 4. ಇ ದರ್ಜೆಯು ಬೇಸಾಯಕ್ಕೂ ಯಂತ್ರಗಳನ್ನು ತಂಪುಮಾಡುವುದಕ್ಕೂ ಮಾತ್ರ. ಅದಕ್ಕೆ ಆಮ್ಲಜನಕದ ನಿಯಮವೇ ಇಲ್ಲ. ಬೆಂಗಳೂರಿನ ಬಹುತೇಕ ಕೆರೆಗಳು ಡಿ, ಇ ಗಳಲ್ಲಿಯೇ ನಿಂತಿರುವುವು. ಮೂವತ್ತು ವರ್ಷಗಳಿಗೂ ಮೇಲೆ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಇಲ್ಲೊಂದು ಸಂಕೋಚವಾಗುವುದು. ಪಟ್ಟಿಯಲ್ಲಿ ಇ ಯನ್ನು ಕಂಡವರು ಅದೂ ಒಂದು ತೇರ್ಗಡೆಯೆಂದೇ ಎಣಿಸುವರು. ಮೀನು ಬದುಕಲಾರದ ನೀರಿಗೂ ಸ್ಥಾನವನ್ನು ಕೊಡುವ ಪಟ್ಟಿಯಲ್ಲಿ ಅನುತ್ತೀರ್ಣರಾಗುವುದು ಸುಲಭವಲ್ಲ!

ಅಂಕಿಯೂ ಮೋಸಮಾಡಬಲ್ಲದು. ಪಾಚಿಗಟ್ಟಿ ಹಸುರಾದ ಕೆರೆಯಲ್ಲಿ ಬಿಸಿಲಿರುವಾಗ ಪಾಚಿಯೇ ಆಮ್ಲಜನಕವನ್ನು ಬಿಡುವುದರಿಂದ ಮಧ್ಯಾಹ್ನದ ಮಾದರಿಯು ಆರೋಗ್ಯವನ್ನು ಸೂಚಿಸುವುದು. ರಾತ್ರಿಯಲ್ಲಿ ಅದೇ ಪಾಚಿಯೂ ಕೊಳೆಯನ್ನು ತಿನ್ನುವ ಜಂತುಗಳೂ ಆಮ್ಲಜನಕವನ್ನು ಹೀರುವುವು. ಅರುಣೋದಯದ ವೇಳೆಗೆ ಅದು ಅತ್ಯಲ್ಪವಾಗುವುದು. ಇಂತಹ ಕೆರೆಗಳಲ್ಲಿ ಮೀನುಗಳು ಬೆಳಗಿನ ಜಾವದಲ್ಲಿ ಮೇಲಕ್ಕೆ ಬಂದು ಬಾಯಿಬಿಡುವುದು ಈ ಕಾರಣದಿಂದಲೇ. ಆದುದರಿಂದ ತಮ್ಮ ಊರಿನ ಕೆರೆಯ ಪಟ್ಟಿಯು ಕೈಗೆ ಸಿಕ್ಕಿದ ವಾಚಕರು ದರ್ಜೆಯನ್ನು ನೋಡುವುದಕ್ಕಿಂತ ಮೊದಲು, ಆ ನೀರನ್ನು ಯಾವ ಗಂಟೆಯಲ್ಲಿ, ಕಾಲುವೆಯ ಬಾಯಲ್ಲಿಯೋ ಕೋಡಿಯಲ್ಲಿಯೋ, ಎಲ್ಲಿ ತುಂಬಿದರೆಂದು ವಿಚಾರಿಸತಕ್ಕದ್ದು.