ಕೊನೆಯ ಪುಟದ ಲೆಕ್ಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ವಿಷಯವಾಗಿ ಒಂದು ಲೇಖನ ಬೇಕು ಎಂದು ಸಮಿತಿಯವರು ಮನೆಗೇ ಬಂದು ಕೇಳಿದರು. ಕೆರೆ ಏರಿಯ ವೀರಗಲ್ಲಿನ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬೇಕು. ನಾನು ಬರೆಯಹೊರಟಿರುವುದು ಒಂದು ಸಣ್ಣ ಅಭ್ಯಾಸದ ಇತಿಹಾಸ. ಮಲಗುವ ಮುಂಚೆ ಆ ದಿನದ ಲೆಕ್ಕವನ್ನು ತನಗೆ ತಾನೇ ಒಪ್ಪಿಸುವ ಅಭ್ಯಾಸ ಅದು. ನನಗೆ ಅಂಟಿದ್ದು ಇದೇ ಶಾಲೆಯಲ್ಲಿ, ಎಂಟನೆಯ ತರಗತಿಯಲ್ಲಿ.

ಆಗ ನಮ್ಮ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಛತ್ರದ ಪಡಸಾಲೆಯಲ್ಲಿ ಪಾಠ. ಸಮಾಜದ ಮೇಷ್ಟ್ರು ರೋಮ್ ಸಾಮ್ರಾಜ್ಯದ ಪಾಠ ಮಾಡುತ್ತಾ ಪುಸ್ತಕದಲ್ಲಿಲ್ಲದ ಒಂದು ಸಂಗತಿ ಹೇಳಿದರು. ಸೆನೆಕ ಎಂಬ ತತ್ತ್ವಜ್ಞಾನಿಯೊಬ್ಬನಿದ್ದ. ರಾತ್ರಿ ದೀಪ ತೆಗೆದ ಮೇಲೆ ಅವನು ಅಂದಿನ ಮಾತು, ನಡತೆ ಎಲ್ಲವನ್ನೂ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದ. ಗಂಡನ ಈ ರೂಢಿ ಗೊತ್ತಿದ್ದ ಹೆಂಡತಿ ಆ ಹೊತ್ತಿನಲ್ಲಿ ಮಾತಾಡಿಸುತ್ತಿರಲಿಲ್ಲ. ಇಷ್ಟು ಹೇಳಿ ಮೇಷ್ಟ್ರು, "ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಬಿದ್ದಿರುತ್ತಲ್ರೋ, ಅಲ್ಲಿ ದಿನಕ್ಕೊಂದು ಸಾಲು ಬರೀರಿ. ನಾನು ನೋಡಲ್ಲ" ಎಂದರು. ಕೊನೆಯ ಮಾತು ಕೇಳಿದ ಮೇಲೆ ಹೆಚ್ಚಿನವರು ಬರೆಯಲಿಲ್ಲ. ನಾನು ಬುಡ್ಡಿ ದೀಪದ ಕೆಳಗೆ ಬರೆದೆ. ಸೀಮೆಎಣ್ಣೆ ಸುಮ್ಮನೆ ಉರಿಯುತ್ತೆ ಎಂದು ನಮ್ಮವ್ವ ಬಯ್ಯುತ್ತಿದ್ದಳು. ಸೆನೆಕನ ಹೆಂಡತಿಯ ತಾಳ್ಮೆ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಮುಂದೆ ಮೈಸೂರಿನಲ್ಲಿ ಓದುವಾಗ ತಿಳಿಯಿತು, ಸೆನೆಕ ಈ ಮಾತನ್ನು ಬರೆದದ್ದು ಸಿಟ್ಟನ್ನು ಕುರಿತ ಗ್ರಂಥದಲ್ಲಿ. ರಾತ್ರಿ ನ್ಯಾಯಾಧೀಶನ ಮುಂದೆ ನಿಲ್ಲಬೇಕೆಂದು ಗೊತ್ತಿದ್ದರೆ ಹಗಲಿನ ಸಿಟ್ಟು ತಾನೇ ತಗ್ಗುತ್ತದೆ ಎಂಬುದು ಅವನ ವಾದ. ಅವನು ಇದನ್ನು ಕಲಿತದ್ದು ಸೆಕ್ಸ್‌ಟಿಯಸ್ ಎಂಬವನಿಂದ. ಅದಕ್ಕೂ ಹಿಂದೆ ಗ್ರೀಕರಲ್ಲಿ ಪೈಥಾಗೊರಸನ ಅನುಯಾಯಿಗಳಿಗೆ, ಅಂದಿನ ಕೆಲಸಗಳನ್ನು ಮೂರು ಬಾರಿ ನೆನೆಯದೆ ನಿದ್ದೆ ಮಾಡಬಾರದೆಂಬ ವಿಧಿಯಿತ್ತು. ನಮ್ಮಲ್ಲಿ ಜೈನರ ಪ್ರತಿಕ್ರಮಣ ಇದೇ ಜಾತಿಯದು. ಹಗಲಿಗೊಂದು, ರಾತ್ರಿಗೊಂದು, ಪಕ್ಷಕ್ಕೊಂದು, ನಾಲ್ಕು ತಿಂಗಳಿಗೊಂದು, ವರ್ಷಕ್ಕೊಂದು ಎಂದು ಅದರಲ್ಲಿ ಕ್ರಮವೇ ಇದೆ.

ಸೆನೆಕನ ಬದುಕು ಅವನ ಬರಹದಷ್ಟು ಶುಭ್ರವಾಗಿರಲಿಲ್ಲ. ನೀರೋನ ಗುರುವಾಗಿ, ಸಲಹೆಗಾರನಾಗಿ ಅಪಾರ ಆಸ್ತಿ ಮಾಡಿದ. ಕ್ರಿ.ಶ. 65ರಲ್ಲಿ ಅದೇ ಶಿಷ್ಯನ ಅಪ್ಪಣೆಯಂತೆ ಪ್ರಾಣ ಬಿಟ್ಟ. ಸಿಟ್ಟಿನ ಮೇಲೆ ಗ್ರಂಥ ಬರೆದವನಿಗೆ ಸಿಕ್ಕ ಶಿಷ್ಯ ಎಂಥವನು ನೋಡಿ!

ಈ ಅಭ್ಯಾಸಕ್ಕೆ ಗೆರೆ ಎಳೆದು ಕೋಷ್ಟಕ ಮಾಡಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ನಿನಲ್ಲಿ ಮೇಣದಬತ್ತಿ, ಸಾಬೂನು ಮಾಡುವವನ ಮಗನಾಗಿ ಹುಟ್ಟಿದ. ಶಾಲೆಗೆ ಹೋದದ್ದು ಎರಡೇ ವರ್ಷ. ಹದಿನೇಳರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿ ಮುದ್ರಣದ ಕೆಲಸ ಹಿಡಿದ. ಅಲ್ಲಿ ತಾರುಣ್ಯದಲ್ಲೇ ಒಂದು ಚಿಕ್ಕ ಪುಸ್ತಕ ಹೊಲಿದು, ಪುಟಕ್ಕೆ ಏಳು ಕಂಬ, ಹದಿಮೂರು ಸಾಲು ಹಾಕಿದ. ಕಂಬಗಳು ವಾರದ ದಿನಗಳಿಗೆ. ಸಾಲುಗಳು ಮಿತಾಹಾರ, ಮೌನ, ಅಚ್ಚುಕಟ್ಟು, ದುಡಿಮೆ, ನ್ಯಾಯ ಮೊದಲಾದ ಗುಣಗಳಿಗೆ. ತಪ್ಪಿದ ದಿನ ಆ ಮನೆಯಲ್ಲಿ ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ, ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಪಟ್ಟಿಯಲ್ಲಿ ಮೊದಲು ಇದ್ದದ್ದು ಹನ್ನೆರಡೇ. ನಿನಗೆ ಜಂಭ ಹೆಚ್ಚು ಎಂದು ಗೆಳೆಯನೊಬ್ಬ ಹೇಳಿದ ಮೇಲೆ ವಿನಯವೂ ಸೇರಿತು.

ಚುಕ್ಕೆ ಕೆರೆದು ಕೆರೆದು ಕಾಗದ ತೂತಾಯಿತು. ಆಮೇಲೆ ದಂತದ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿಕೊಂಡು, ಪೆನ್ಸಿಲ್ಲಿನ ಚುಕ್ಕೆಗಳನ್ನು ಒದ್ದೆ ಸ್ಪಂಜಿನಿಂದ ಒರೆಸತೊಡಗಿದ. ಅವನನ್ನು ಹೆಚ್ಚು ಕಾಡಿದ್ದು ಅಚ್ಚುಕಟ್ಟು. ವಸ್ತುಗಳನ್ನು ಜಾಗದಲ್ಲಿಡುವುದು ಅವನಿಗೆ ಕೊನೆಯವರೆಗೂ ಬರಲಿಲ್ಲ. ಇದನ್ನೆಲ್ಲ ಅವನೇ ತನ್ನ ಆತ್ಮಕಥೆಯಲ್ಲಿ, 1784ರಲ್ಲಿ ಪ್ಯಾರಿಸ್ಸಿನ ಬಳಿಯ ಪಾಸಿಯಲ್ಲಿ ಕುಳಿತು, ನಗುನಗುತ್ತಾ ಬರೆದಿದ್ದಾನೆ. ಗಾಂಧೀಜಿಯವರೂ ಲಂಡನ್ನಿನ ವಿದ್ಯಾರ್ಥಿ ದಿನಗಳಲ್ಲಿ ಬಸ್ಸಿನ ದುಡ್ಡು, ಅಂಚೆಚೀಟಿಯ ದುಡ್ಡು ಬಿಡದೆ ಬರೆದು, ಲೆಕ್ಕ ಕೂಡಿದ ಮೇಲೇ ಮಲಗುತ್ತಿದ್ದರು. ಮುಂದೆ ಸಾರ್ವಜನಿಕ ಹಣ ಕೈಗೆ ಬಂದಾಗ ಅದೇ ರೂಢಿ ಕೈಹಿಡಿಯಿತು ಎಂದು ಅವರು ಹೇಳಿಕೊಂಡಿದ್ದಾರೆ.

ಇನ್ನು ನನ್ನ ವಿಷಯ. ಮೇಷ್ಟ್ರಾಗಿ ಬೇರೆ ಬೇರೆ ಊರು ಸುತ್ತಿ, ಕೊನೆಗೆ ಇದೇ ಶಾಲೆಗೆ ವರ್ಗವಾಗಿ ಬಂದಾಗ ನಾನೂ ಫ್ರಾಂಕ್ಲಿನ್ನನಂತೆ ಕೋಷ್ಟಕ ಹಾಕಿಕೊಂಡಿದ್ದೆ. ನನ್ನದು ಒಂದೇ ಸಾಲು: ಸಿಟ್ಟು. ನನ್ನ ಕೈಯ ಏಟು ತಿಂದವರು ಈ ಸಂಚಿಕೆಯ ಓದುಗರಲ್ಲೂ ಇದ್ದಾರೆ, ಅವರಿಗೆ ವಿವರಿಸಬೇಕಾಗಿಲ್ಲ. ಮೊದಲ ವರ್ಷ ಪುಟವೆಲ್ಲ ಚುಕ್ಕೆ. ಎರಡನೆಯ ವರ್ಷ ಕಡಿಮೆಯಾಯಿತು. ಮೂರನೆಯ ವರ್ಷ ವಾರಗಟ್ಟಲೆ ಖಾಲಿ ಮನೆಗಳು. ಸೆನೆಕನಿಗೂ ಇಷ್ಟು ಸಾಧಿಸಿರಲಿಲ್ಲ ಎಂದು ಒಳಗೊಳಗೇ ಬೀಗಿದೆ.

ಆ ಜೂನ್‌ನಲ್ಲಿ ಒಂಬತ್ತು ಮುಗಿಸಿ ಹತ್ತಕ್ಕೆ ಬರಬೇಕಿದ್ದ ಹುಡುಗನೊಬ್ಬ ಬರಲಿಲ್ಲ. ಎಂಟಕ್ಕೆ ಸೇರಿದ ಅವನ ತಂಗಿಯನ್ನು ಕೇಳಿದೆ. "ಅಣ್ಣ ಇಟ್ಟಿಗೆ ಗೂಡಿಗೆ ಹೋಗ್ತಾನೆ ಸಾ. ನೀವು ಒಂದು ವರ್ಸದಿಂದ ಅವನನ್ನ ಏನೂ ಕೇಳ್ತಿರಲಿಲ್ವಂತೆ. ಹೋದ್ರೂ ಒಂದೆ, ಬಿಟ್ರೂ ಒಂದೆ ಅಂದ" ಎಂದಳು.

ಅವತ್ತು ರಾತ್ರಿ ಪುಸ್ತಕ ತೆರೆದು ಕೂತೆ. ಆಗ ಹೊಳೆಯಿತು, ನನ್ನ ಸಿಟ್ಟು ಹೇಗೆ ಕಡಿಮೆಯಾಯಿತೆಂದು. ಕೊನೆಯ ಬೆಂಚಿನವರಿಗೆ ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ, ನನಗೆ ಸಿಟ್ಟು ಬರುತ್ತಿತ್ತು. ಅದಕ್ಕೆ ಕೇಳುವುದನ್ನೇ ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ, ತಾನಾಗಿ ಬಿಟ್ಟುಹೋಗಿತ್ತು. ನನ್ನ ಖಾಲಿ ಮನೆಗಳೆಲ್ಲ ಆ ಹುಡುಗರ ಲೆಕ್ಕದಲ್ಲಿ ಬಂದವು. ಹಿಂದಿನ ಚುಕ್ಕೆಗಳಿದ್ದಾಗ ಅವರಿಗೆ ಏಟಾದರೂ ಬೀಳುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ.

ಆಮೇಲೆ ಫ್ರಾಂಕ್ಲಿನ್ನನ ಬಗ್ಗೆ ಮತ್ತೆ ಓದಿದೆ. ಅವನ ಹದಿಮೂರು ಸಾಲುಗಳಲ್ಲಿ ನ್ಯಾಯವೂ ಇತ್ತಲ್ಲ? ಆದರೂ ಅವನ ಮನೆಯಲ್ಲಿ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಅಚ್ಚಾಗುತ್ತಿತ್ತು. 1757ರಲ್ಲಿ ಲಂಡನ್ನಿಗೆ ಹೋದಾಗ ಇಬ್ಬರು ಗುಲಾಮರು ಜೊತೆಗಿದ್ದರು. ಅವನ ಕಣ್ಣು ಸ್ವಲ್ಪ ತೆರೆಯಲು ಕಾರಣವಾದವುಗಳಲ್ಲಿ ಒಂದು ಶಾಲೆಯೂ ಸೇರಿದೆ. 1763ರಲ್ಲಿ ಫಿಲಡೆಲ್ಫಿಯಾದ ಕಪ್ಪು ಮಕ್ಕಳ ಶಾಲೆಗೆ ಭೇಟಿ ಕೊಟ್ಟು ಬಂದು, ಗ್ರಹಿಕೆಯಲ್ಲೂ ನೆನಪಿನಲ್ಲೂ ಆ ಮಕ್ಕಳು ಬಿಳಿಯರ ಮಕ್ಕಳಿಗೆ ಸಮ, ತನ್ನ ಹಿಂದಿನ ಎಣಿಕೆ ತಪ್ಪು ಎಂಬರ್ಥದಲ್ಲಿ ಪತ್ರ ಬರೆದ. ಹಾಗೆಂದು ಮಾರನೆಯ ದಿನವೇ ಬದಲಾಗಲಿಲ್ಲ. ಗುಲಾಮಗಿರಿಯ ವಿರುದ್ಧದ ಪೆನ್ಸಿಲ್ವೇನಿಯಾ ಸಂಘಕ್ಕೆ ಅವನು ಅಧ್ಯಕ್ಷನಾದದ್ದು 1787ರಲ್ಲಿ, ಎಂಬತ್ತು ದಾಟಿದ ಮೇಲೆ. 1790ರ ಫೆಬ್ರವರಿಯಲ್ಲಿ ಆ ಸಂಘದ ಮನವಿಗೆ ಸಹಿ ಹಾಕಿ ಅಮೆರಿಕದ ಸಂಸತ್ತಿಗೆ ಕಳಿಸಿದ, ಏಪ್ರಿಲ್‌ನಲ್ಲಿ ತೀರಿಕೊಂಡ.

ನಾನು ಕೋಷ್ಟಕ ಬಿಡಲಿಲ್ಲ, ಸಾಲು ಬದಲಾಯಿಸಿದೆ. "ಇವತ್ತು ಯಾರ ಹೆಸರು ಕೂಗಲಿಲ್ಲ?" ಎಂದು ಬರೆದು ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತುಂಬಿಸುತ್ತಿದ್ದೆ. ಮೊದಲ ವಾರ ಹದಿನಾರು ಹೆಸರು ಬಂದವು. ಒಂದೆರಡು ಹೆಸರಿಗೆ ಮುಖ ನೆನಪಾಗಲಿಲ್ಲ.

ಒಂದು ಭಾನುವಾರ ಇಟ್ಟಿಗೆ ಗೂಡಿಗೆ ಹೋದೆ. ಹುಡುಗ ಕೈ ಒರೆಸಿಕೊಂಡು ಬಂದು, ಟೀ ತರಿಸಿಕೊಟ್ಟ. ವಾಪಸ್ಸು ಬಾರಯ್ಯಾ, ಹೆಡ್ಮಾಸ್ಟರ ಹತ್ತಿರ ನಾನು ಮಾತಾಡುತ್ತೇನೆ ಎಂದೆ. "ಬಿಡಿ ಸಾ, ಸಾಲ ತಗೊಂಡಿದೀವಿ" ಎಂದ. ಬರಲಿಲ್ಲ. ತಂಗಿ ಹತ್ತು ಪಾಸು ಮಾಡಿ, ನರ್ಸಿಂಗ್ ಓದಿ, ಈಗ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಳೆ.

ಈ ಸಂಚಿಕೆಯ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇದೆ. ಕರಡು ನೋಡಿದಾಗ ತಂಗಿಯ ಹೆಸರಿತ್ತು, ಅಣ್ಣನದಿರಲಿಲ್ಲ. ವಿಚಾರಿಸಿದರೆ ಪಟ್ಟಿ ಮಾಡಿದ್ದು ಹತ್ತನೆಯ ತರಗತಿಯ ಫಲಿತಾಂಶದ ವಹಿಯಿಂದ. ದಾಖಲಾತಿ ವಹಿಯಿಂದ ಮಾಡಿ ಎಂದು ಸಮಿತಿಯವರನ್ನು ಕೇಳಿಕೊಂಡೆ. ಪುಟ ಹೆಚ್ಚಾಗುತ್ತೆ, ಮುದ್ರಣದ ಖರ್ಚೂ ಹೆಚ್ಚಾಗುತ್ತೆ ಎಂದರು. ಎರಡು ದಿನ ಬಿಟ್ಟು, ಆಗಲಿ ಮೇಷ್ಟ್ರೇ ಎಂದು ಫೋನು ಮಾಡಿದರು.