ಕೌಲು

ಪಾಳುಬಿದ್ದ ಹೊಲಕ್ಕೆ ಒಕ್ಕಲನ್ನು ಕರೆಯುವಾಗ ಆಳುವವರು ಬರೆದುಕೊಡುತ್ತಿದ್ದ ಭರವಸೆಗೆ ಕೌಲು ಎಂದು ಹೆಸರು. ಮೊದಲ ವರ್ಷಗಳಲ್ಲಿ ಕಂದಾಯ ಹಗುರ. ಆಮೇಲೆ ಏರುತ್ತ ಏರುತ್ತ ಪೂರ್ತಿ ದರ. ಬಳ್ಳಾರಿಯ ಕೌಲ್ ಬಜಾರನ್ನೂ ಈ ಅರ್ಥದಲ್ಲಿ ತಿಳಿಯುವುದೇ ಸರಿ. ದಂಡಿನ ಆಸರೆಯಲ್ಲಿ ಬೆಳೆದ ಪೇಟೆಗೆ ಅಂಗಡಿಕಾರರು ಬಂದು ನೆಲೆಸಬೇಕಾದರೆ ಇಂಥದೊಂದು ಮಾತು ಬೇಕೇ ಬೇಕು. ಈಗ ಆ ಹೆಸರನ್ನು ಇಂಗ್ಲಿಷ್ ಪದವೆಂಬಂತೆ ಉಚ್ಚರಿಸುವುದು ಕೇಳಿಬರುತ್ತದೆ.

ಬಳ್ಳಾರಿ ಸೀಮೆಯ ಹಳೆಯ ಊರುಗಳು ನೆಲದ ಗುಣ ನೋಡಿಯೇ ಹುಟ್ಟಿದವು. ಕುರುಗೋಡು ಕಲ್ಲುಗುಡ್ಡಗಳ ಬುಡದಲ್ಲಿದೆ; 12ನೇ ಶತಮಾನದಲ್ಲಿ ಸಿಂದರು ಅಲ್ಲಿಂದ ಆಳಿದರು. ಸಿರುಗುಪ್ಪಕ್ಕೆ ತುಂಗಭದ್ರೆಯ ನೀರುಂಟು. ಕಷ್ಟವೆಲ್ಲ ಮಳೆಯನ್ನೇ ನಂಬಿದ ಎರೆಭೂಮಿಯದು. ಕೆಲವು ವರ್ಷ ಉಳದೆ ಬಿಟ್ಟರೆ ಹುಲ್ಲಿನ ಬೇರು ಆಳಕ್ಕಿಳಿಯುತ್ತದೆ. ಅದನ್ನು ಕೀಳಲು ದೊಡ್ಡ ನೇಗಿಲು, ಹಲವು ಜೋಡಿ ಎತ್ತು ಬೇಕು. ಆ ಖರ್ಚು ಹೊರುವವನಿಗೆ ಕಂದಾಯ ಬಿಡದೆ ಊರು ತುಂಬುವಂತಿರಲಿಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ, ಯುದ್ಧಗಳಿಂದಲೂ ಪಾಳೆಯಗಾರರ ಕಾದಾಟದಿಂದಲೂ ಎಷ್ಟೋ ಹೊಲಗಳು ಬೀಳಾಗಿದ್ದವು. 1807ರವರೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋನ ಮುಂದಿದ್ದ ದೊಡ್ಡ ಕೆಲಸ ಒಕ್ಕಲನ್ನು ನೆಲಕ್ಕೆ ಮರಳಿಸುವುದು.

ಕೌಲೆಂದರೆ ಕೊಟ್ಟ ಮಾತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನಾಲಗೆ ಬಿಗಿಹಿಡಿಯುವ ಬುದ್ಧಿವಾದವಾಗಿ ಮಾತ್ರ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಅದಕ್ಕೆ ಇನ್ನೊಂದು ಮುಖವಿದೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು ಎಂಬುದೇ ಒಕ್ಕಲಿಗನ ಧೈರ್ಯ. ಇವತ್ತು ಕರಿಕೆ ಕಿತ್ತ ಹೊಲಕ್ಕೆ ನಾಳೆಯೇ ಪೂರ್ತಿ ಕಂದಾಯ ಬಿದ್ದರೆ ಅವನು ರಾತ್ರೋರಾತ್ರಿ ಗಂಟು ಕಟ್ಟುತ್ತಿದ್ದ; ಬೇರೆ ಸೀಮೆಯವರು ಅವನಿಗೆ ಬೇರೆ ಕೌಲು ಕೊಡುತ್ತಿದ್ದರು. ಮಾತು ಒಡೆದರೆ ಊರೂ ಒಡೆಯುತ್ತಿತ್ತು. ಕೊಂಕಣ ಕರಾವಳಿಯ ಗುಡಿಗಳಲ್ಲಿ ಭಕ್ತರು ದೇವರಿಂದ ಕೇಳುವ ಒಪ್ಪಿಗೆಗೂ ಕೌಲವೆಂದೇ ಹೆಸರಿರುವುದು ಎಷ್ಟು ಚೆಂದ!

1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಸಿರುಗುಪ್ಪದ ಸುತ್ತ ನೆಲೆಸಿದರು. ಅವರ ಊರುಗಳ ಹೆಸರಿಗೆ ‘ಕ್ಯಾಂಪ್’ ಅಂಟಿಕೊಂಡಿತು. ಅವರ ತೆಲುಗಿನಲ್ಲಿ ಗೇಣಿದಾರ ಇಂದಿಗೂ ‘ಕೌಲು ರೈತು’. ಕನ್ನಡದಲ್ಲೋ ಗೇಣಿ, ಗುತ್ತಿಗೆ, ಕೋರು, ಲಾವಣಿ ಎಂಬ ಮಾತುಗಳೆಲ್ಲ ಇದ್ದೂ ಭತ್ತದ ಗದ್ದೆ ‘ಲೀಜಿಗೆ’ ಹೋಗುತ್ತಿದೆ.